ಮಾರುವುದೋ, ಇರುವುದೋ: ರಾಗಿಗುಡ್ಡದ ಸುತ್ತಿನ ಹಳೆಯ ಮನೆಗಳ ಪ್ರಶ್ನೆ

ಬೆಂಗಳೂರಿನ ಜಯನಗರ ಒಂಬತ್ತನೇ ಬ್ಲಾಕು, ಮಾರೇನಹಳ್ಳಿ, ಈಸ್ಟ್ ಎಂಡ್ ಕಡೆ ಹಳೆಯ ಸ್ವಂತ ಮನೆ ಉಳಿಸಿಕೊಂಡಿರುವವರನ್ನು ಈಗ ಯಾರೇ ಕಂಡರೂ ‘ಇನ್ನೂ ಮಾರಿಲ್ಲವೆ?’ ಎಂದು ಕೇಳುತ್ತಾರೆ. ಕೇಳುವವರಲ್ಲಿ ಅರ್ಧದಷ್ಟು ಜನ ದಲ್ಲಾಳಿಗಳು, ಉಳಿದವರು ನೆಂಟರು. ನಮ್ಮ ತಂದೆ ಉಯಿಲು ಬರೆಯದೆ ತೀರಿಕೊಂಡದ್ದರಿಂದ ಮೂವತ್ತು-ನಲವತ್ತು ಅಡಿ ಸೈಟಿನ ನಮ್ಮ ಮನೆ ಅಮ್ಮ, ಅಣ್ಣ ಮತ್ತು ನನ್ನ ಹೆಸರಿನಲ್ಲಿದೆ. ಅಮೆರಿಕದಲ್ಲಿರುವ ಅಣ್ಣ ಮಾರಿಬಿಡೋಣ ಎನ್ನುತ್ತಾನೆ, ಅಮ್ಮ ಬೇಡ ಎನ್ನುತ್ತಾರೆ, ಇಬ್ಬರ ನಡುವೆ ಕುಳಿತು ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಡಾವಣೆಯಲ್ಲಿ ಆದ ಬದಲಾವಣೆಗಳಲ್ಲಿ ಕೆಲವು ಮುಗಿಯುವಂಥವು, ಕೆಲವು ಇನ್ನು ಹೋಗದೆ ಉಳಿಯುವಂಥವು. ಇವೆರಡನ್ನೂ ಬೇರೆ ಬೇರೆಯಾಗಿ ನೋಡದೆ ಮನೆ ಮಾರುವವರು ಬಹುತೇಕ ತಪ್ಪು ಹೊತ್ತಿನಲ್ಲೇ ಮಾರುತ್ತಾರೆ ಎಂಬುದು ಈ ಲೆಕ್ಕದಲ್ಲಿ ನನಗೆ ಸ್ಪಷ್ಟವಾಗಿರುವ ಸಂಗತಿ.

ಮುಗಿಯುವಂಥದ್ದಕ್ಕೆ ಮೆಟ್ರೊ ಕಾಮಗಾರಿಯೇ ಸಾಕ್ಷಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿ.ಮೀ. ಹಳದಿ ಮಾರ್ಗದ ಕೆಲಸ ನಡೆದ ವರ್ಷಗಳಲ್ಲಿ ಮಾರೇನಹಳ್ಳಿ ರಸ್ತೆಯನ್ನು ದಾಟುವುದೇ ಒಂದು ಸಾಹಸವಾಗಿತ್ತು. ಜಯದೇವ ಜಂಕ್ಷನ್ನಿನ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಿದರು, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು, ಕಿಟಕಿ ತೆರೆದರೆ ಸಿಮೆಂಟಿನ ದೂಳು. ನಮ್ಮ ಅಡ್ಡರಸ್ತೆಯಲ್ಲಿ ಹಲವರು ಮನೆ ಕೊಟ್ಟು ಹೋದದ್ದು ಆ ದಿನಗಳಲ್ಲೇ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವ ಡಬಲ್ ಡೆಕರ್ ಮೇಲ್ಸೇತುವೆಯ ಒಂದು ಬದಿ 2024ರ ಜುಲೈಯಲ್ಲಿ ತೆರೆಯಿತು, 2025ರ ಆಗಸ್ಟ್ 10ರಂದು ಹಳದಿ ಮಾರ್ಗವೂ ಉದ್ಘಾಟನೆಯಾಯಿತು. ಕಷ್ಟವನ್ನೆಲ್ಲ ಅನುಭವಿಸಿದವರು ಆ ಹೊತ್ತಿಗೆ ಊರಾಚೆ ಸೇರಿದ್ದರು, ಅನುಕೂಲ ಅವರ ಮನೆ ಕೊಂಡವರದಾಯಿತು.

ಹೋಗದೆ ಉಳಿಯುವಂಥದ್ದು ಆರಂಭವಾದದ್ದು ರೈಲು ಓಡತೊಡಗಿದ ಮೇಲೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ಇಲ್ಲಿ ಕೋಣೆ ಹಿಡಿದು ನೇರವಾಗಿ ಹೋಗಿಬರಬಹುದು. ಆದ್ದರಿಂದ ಒಂದು ಸಂಸಾರವಿದ್ದ ಜಾಗದಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಅಂತಸ್ತಿನ ಪಿಜಿ ಕಟ್ಟುವುದು ಮಾಲೀಕರಿಗೆ ಲಾಭದ ಮಾತಾಗಿದೆ. ಆ ಮಕ್ಕಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಮ್ಮ ಬೀದಿಯ ದರ್ಶಿನಿ ರಾತ್ರಿಯವರೆಗೆ ತೆರೆದಿರುವುದು ಅವರಿಂದಲೇ. ಸಿಟ್ಟಿರುವುದು ಸೆಟ್‌ಬ್ಯಾಕ್ ಎಂದು ಸುತ್ತ ಬಿಡಬೇಕಾದ ಜಾಗ ಬಿಡದೆ ಗೋಡೆಗೆ ಗೋಡೆ ತಾಗಿಸಿ ಕಟ್ಟುವವರ ಮೇಲೆ ಮತ್ತು ಅದನ್ನು ನೋಡಿಯೂ ನೋಡದಂತಿರುವವರ ಮೇಲೆ. ದೂಳು ಹೋಗುತ್ತದೆ, ಆದರೆ ಅಡುಗೆಮನೆಗೆ ಬರುತ್ತಿದ್ದ ಬೆಳಗಿನ ಬಿಸಿಲಿಗೆ ಒಮ್ಮೆ ಗೋಡೆ ಅಡ್ಡ ಬಂದರೆ ಅದು ಮತ್ತೆ ಬರುವುದಿಲ್ಲ.

‘ನಮ್ಮ ಶಾಂತವಾದ ಜಯನಗರ ಹಾಳಾಯಿತು’ ಎನ್ನುವವರ ಗೋಳನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. 1948ರಲ್ಲಿ ಅಡಿಗಲ್ಲು ಬಿದ್ದ ಈ ಬಡಾವಣೆ ಬೆಳೆದದ್ದು ಸಿದ್ದಾಪುರ, ಬೈರಸಂದ್ರ, ಯಡಿಯೂರು, ಮಾರೇನಹಳ್ಳಿಯಂಥ ಹಳ್ಳಿಗಳ ನಡುವೆ, ಅವುಗಳ ಹೊಲ ತೋಟಗಳ ಮೇಲೆ. ಅಂದು ಭೂಮಿ ಬಿಟ್ಟುಕೊಟ್ಟ ರೈತರಿಗೆ ಇರುವುದೋ ಹೋಗುವುದೋ ಎಂಬ ಆಯ್ಕೆ ಇರಲಿಲ್ಲ. ನಮಗಾದರೂ ಅದಿದೆ. ಬಾಡಿಗೆಗಿರುವವರಿಗೆ ಇಂದೂ ಇಲ್ಲ. ನಮ್ಮ ಎದುರುಮನೆಯ ಮೇಷ್ಟ್ರ ಸಂಸಾರ, ಕರಾರು ಮುಗಿದಾಗ ಹೊಸ ಬಾಡಿಗೆ ಕೇಳಿಯೇ ಸಾಮಾನು ಕಟ್ಟಿತು. ಮಾರುವ ಬಗ್ಗೆ ಪುಟಗಟ್ಟಲೆ ಬರೆಯುವ ನನ್ನಂಥವರು ಅದನ್ನು ನೆನಪಿಟ್ಟುಕೊಂಡೇ ಬರೆಯಬೇಕು.

ಇನ್ನು, ಹೋಗುವುದಾದರೆ ಎಲ್ಲಿಗೆ? ಅಣ್ಣ ಕಳಿಸುವ ಅಪಾರ್ಟ್‌ಮೆಂಟ್ ಚಿತ್ರಗಳಲ್ಲಿ ಈಜುಕೊಳ ಇರುತ್ತದೆ, ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂಬುದು ಇರುವುದಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಹೆಚ್ಚು ಒದ್ದಾಡಿದ್ದು ನಗರದ ಅಂಚಿನ ಪ್ರದೇಶಗಳೇ. ಅವುಗಳಲ್ಲಿ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಆ ವರ್ಷದ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು ನಿಜ, ಆದರೆ ಕೊಳ್ಳಲಿರುವ ಮನೆಯ ನೀರಿನ ತೊಟ್ಟಿಗೆ ಆ ನೀರು ಬಂದಿದೆಯೆ ಎಂದು ಹೋಗಿ ನೋಡಿಯೇ ನಂಬಬೇಕು. ದೂರ ಬೇಡ, ಹತ್ತಿರದ ಜೆ.ಪಿ. ನಗರದ ರಿಂಗ್ ರೋಡ್ ಬದಿಗೆ ಹೋಗೋಣವೆಂದರೆ, ಜೆ.ಪಿ. ನಗರ ನಾಲ್ಕನೇ ಹಂತದಿಂದ ಕೆಂಪಾಪುರದವರೆಗಿನ 32.15 ಕಿ.ಮೀ. ಮೆಟ್ರೊ ಕಿತ್ತಳೆ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ. ಇಲ್ಲಿ ದೂಳು ಕುಡಿದು ಮುಗಿಸಿದವರು ಅಲ್ಲಿ ಮೊದಲಿನಿಂದ ಕುಡಿಯಬೇಕು.

ಹಣದ ವಿಚಾರದಲ್ಲಿ, ದಲ್ಲಾಳಿ ಹೇಳುವ ಮೊತ್ತಕ್ಕೂ ಕೈಗೆ ಉಳಿಯುವ ಮೊತ್ತಕ್ಕೂ ಬಹಳ ಅಂತರವಿದೆ. 2024ರ ಜುಲೈ 23ಕ್ಕೆ ಮೊದಲು ಪಡೆದ ಮನೆಯನ್ನು ದೇಶದಲ್ಲೇ ಇರುವವರು ಮಾರಿದರೆ ಬಂಡವಾಳ ಲಾಭದ ಮೇಲೆ ಶೇ 12.5ರಂತೆ ಅಥವಾ ಹಣದುಬ್ಬರದ ಲೆಕ್ಕ ಕಳೆದು ಶೇ 20ರಂತೆ, ಯಾವುದು ಕಡಿಮೆಯೋ ಅಷ್ಟು ತೆರಿಗೆ ಕಟ್ಟಬಹುದು; ಅನಿವಾಸಿಯಾದ ಅಣ್ಣನಿಗೆ ಈ ಎರಡನೆಯ ದಾರಿಯಿಲ್ಲ, ಮೇಲಾಗಿ ಅವನ ಪಾಲಿನಲ್ಲಿ ಕೊಳ್ಳುವವರೇ ತೆರಿಗೆ ಹಿಡಿದುಕೊಂಡು ಕೊಡಬೇಕು. ಬೇರೆ ಮನೆ ಕೊಂಡರೆ ವಿನಾಯಿತಿ ಸಿಗುತ್ತದೆ ಎಂದು ಸಮಾಧಾನ ಹೇಳುವವರು, ಕೊಳ್ಳುವಾಗ ಮುದ್ರಾಂಕ ಶುಲ್ಕದ ಜೊತೆಗೆ ನೋಂದಣಿ ಶುಲ್ಕವೂ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿರುವುದನ್ನು ಹೇಳುವುದಿಲ್ಲ.

ಮನೆ ಬಿಡದೆಯೂ ಬಿಟ್ಟಂತಾಗುವ ಜಾಯಿಂಟ್ ಡೆವಲಪ್‌ಮೆಂಟ್ ಎಂಬ ನಡುದಾರಿಯ ಬಗ್ಗೆ ನನಗೆ ಹೆಚ್ಚಿನ ಅನುಮಾನವಿದೆ. ಸೈಟು ನಮ್ಮದು, ಖರ್ಚು ಬಿಲ್ಡರದ್ದು, ಅಂತಸ್ತು ಹಂಚಿಕೆ ಎಂಬುದು ಕೇಳಲು ಚೆನ್ನಾಗಿಯೇ ಇದೆ. ಆದರೆ ಕಟ್ಟಿ ಮುಗಿಯುವವರೆಗೆ ವಯಸ್ಸಾದವರು ಬಾಡಿಗೆ ಮನೆಯಲ್ಲಿರಬೇಕು, ಮುಗಿಯುವುದು ಯಾವಾಗ ಎಂಬುದು ಬಿಲ್ಡರನ ಕೈಯಲ್ಲಿರುವ ಹಣದ ಮೇಲೆ ನಿಂತಿದೆ. ನಕ್ಷೆ ಮೀರಿ ಒಂದು ಅಂತಸ್ತು ಹೆಚ್ಚಿಗೆ ಏರಿಸುವುದು ಈ ವ್ಯವಹಾರದಲ್ಲಿ ಸಾಮಾನ್ಯ. ಮೀರಿ ಕಟ್ಟಿದ ಕಟ್ಟಡಕ್ಕೆ, ವಾಸಕ್ಕೆ ಅಡ್ಡಿಯಿಲ್ಲವೆಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ ಸಿಗುವುದಿಲ್ಲ, ಆ ಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಕಾಗದದಲ್ಲಿ ಸಹಿ ನಮ್ಮದೂ ಇರುತ್ತದಲ್ಲ!

ಹೀಗಾಗಿ ನಾನು ನೆಲದ ಬೆಲೆಯನ್ನು ಬದಿಗಿಟ್ಟು, ಮನೆಯಲ್ಲಿ ಅತಿ ಕಡಿಮೆ ಓಡಾಡಬಲ್ಲವರ ದಿನ ಹೇಗೆ ನಡೆಯುತ್ತದೆ ಎಂದು ನೋಡತೊಡಗಿದೆ. ಅಮ್ಮನಿಗೆ ಹೃದಯದ ತೊಂದರೆಯಿದೆ, ಜಯದೇವ ಆಸ್ಪತ್ರೆ ಹತ್ತಿರದಲ್ಲೇ ಇದೆ. ಔಷಧದ ಅಂಗಡಿಯವರು ಚೀಟಿ ನೋಡದೆ ಮಾತ್ರೆ ಕೊಡುತ್ತಾರೆ, ಸೊಪ್ಪಿನವಳು ಗೇಟಿನವರೆಗೆ ಬರುತ್ತಾಳೆ, ಒಂದು ದಿನ ಬಾಗಿಲು ತೆರೆಯದಿದ್ದರೆ ಮೂರು ಮನೆಯವರು ನನಗೆ ಫೋನು ಮಾಡುತ್ತಾರೆ. ‘ನಾನು ಎಲ್ಲಿಗೆ ಬೇಕಾದರೂ ಬರುತ್ತೇನಪ್ಪ, ಆದರೆ ಅಲ್ಲಿ ನನ್ನನ್ನು ಕೇಳುವವರು ಯಾರು ಅಂತ ಮೊದಲು ಹೇಳು’ ಎಂದು ಅವರು ಅಣ್ಣನಿಗೆ ಫೋನಿನಲ್ಲಿ ಹೇಳಿದಾಗ ಅವನ ಬಳಿ ಉತ್ತರವಿರಲಿಲ್ಲ. ಹೀಗೆ ಫೋನು ಮಾಡುವ ಮನೆಗಳೂ ಕಡಿಮೆಯಾಗುತ್ತಿವೆ ಎಂಬುದು ಅಣ್ಣನ ವಾದದಲ್ಲಿರುವ ನಿಜ, ಅದನ್ನು ಅಲ್ಲಗಳೆಯುವುದು ನನಗೂ ಸಾಧ್ಯವಾಗಿಲ್ಲ.

ಸದ್ಯಕ್ಕೆ ಮೂವರೂ ಒಪ್ಪಿರುವುದು ಇಷ್ಟು: ಅಮ್ಮ ಈ ಮನೆಯಲ್ಲಿ ಒಬ್ಬರೇ ಓಡಾಡಿಕೊಂಡಿರುವವರೆಗೆ ಮಾರುವುದಿಲ್ಲ. ಆ ಮೂರು ಮನೆಗಳಲ್ಲಿ ಎರಡು ಖಾಲಿಯಾದರೆ, ಅಥವಾ ಪೂರ್ವಕ್ಕಿರುವ ಎರಡು ಸೈಟುಗಳನ್ನು ಒಟ್ಟುಗೂಡಿಸಿ ಯಾರಾದರೂ ದೊಡ್ಡ ಕಟ್ಟಡಕ್ಕೆ ಮಂಜೂರಾತಿ ಪಡೆದರೆ, ಕೆಲಸ ಶುರುವಾಗುವ ಮೊದಲೇ ಕೊಡುತ್ತೇವೆ. ಅದಕ್ಕಾಗಿ ಇ-ಖಾತೆ ಮಾಡಿಸುವುದು, ಅಣ್ಣನಿಂದ ಅಧಿಕಾರ ಪತ್ರ ತರಿಸುವುದು ಈಗಿನಿಂದಲೇ ನಡೆದಿದೆ. ಅವಸರದಲ್ಲಿ ಮಾರುವವರಿಗೆ ಬೆಲೆ ಕಟ್ಟುವುದು ದಲ್ಲಾಳಿಯೇ ಹೊರತು ಮಾಲೀಕನಲ್ಲ.