ಸೆಪ್ಟೆಂಬರ್ 17ರ ಭಾಷಣ ಸಾಕು, ಹಿರಿಯರ ಹತ್ತಿರ ಕೂರೋಣ

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಭಾಗ 1948ರಲ್ಲಿ ಭಾರತಕ್ಕೆ ಸೇರಿದ ನೆನಪಿಗೆ ಪ್ರತಿ ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಏನು ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಪಟೇಲರ ಪ್ರತಿಮೆಗೆ ಹಾರ, ಧ್ವಜಾರೋಹಣ, ಭಾಷಣ, ಶಾಲಾ ಮಕ್ಕಳ ಡ್ಯಾನ್ಸ್. ಆ ಮಕ್ಕಳನ್ನೇ ಕೇಳಿ ನೋಡಿ, 1948ರಲ್ಲಿ ನಿಮ್ಮೂರಲ್ಲಿ ಏನಾಯ್ತು ಅಂತ. ರಜಾಕಾರರು (ನಿಜಾಮರ ಪರವಾಗಿದ್ದ ಖಾಸಗಿ ಪಡೆ) ಕಾಡಿದರು, ಭಾರತದ ಸೈನ್ಯ ಬಂತು, ಬಿಡುಗಡೆ ಆಯ್ತು. ಇಷ್ಟೇ. ಉಳಿದದ್ದೆಲ್ಲ ವಾಟ್ಸಾಪ್ ಕಲಿಸಿದ್ದು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆ ವರ್ಷವನ್ನು ಕಣ್ಣಾರೆ ಕಂಡವರ ಮುಂದೆ ಮಕ್ಕಳನ್ನು ಕೂರಿಸಬೇಕು ಎನ್ನುವುದು ನನ್ನ ಹಟ. ಮೊದಲು ಪೆಟ್ಟು ತಿಂದವರ ಮುಂದೆಯೂ, ಆಮೇಲೆ ತಿಂದವರ ಮುಂದೆಯೂ. ಒಬ್ಬರದ್ದನ್ನಷ್ಟೇ ಕೇಳಿಸಿದರೆ ಮಕ್ಕಳಿಗೆ ಸಿಟ್ಟು ಕಲಿಸಿದಂತೆ.

ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇನಲ್ಲಿ ರಜಾಕಾರರು ಸುಮಾರು 200 ಜನರನ್ನು ಕೊಂದರು ಎನ್ನುತ್ತಾರೆ. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಅವರು ಹಚ್ಚಿದ ಬೆಂಕಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ತಾಯಿ ಮತ್ತು ಸಹೋದರಿ ಹೋದರು. ಸೆಪ್ಟೆಂಬರ್ 13ಕ್ಕೆ ಸೈನ್ಯ ಬಂತು, 17ಕ್ಕೆ ನಿಜಾಮರು ಶರಣಾದರು. ಭಾಷಣ ಇಲ್ಲಿಗೆ ಮುಗಿಯುತ್ತದೆ. ಸಾವು ಮುಗಿಯಲಿಲ್ಲ. ಊರೂರಲ್ಲಿ ಮುಸ್ಲಿಮರ ಮೇಲೆ ದಾಳಿ ಶುರುವಾಯಿತು. ನೆಹರೂ ಕಳಿಸಿದ ಸುಂದರ್‌ಲಾಲ್ ಸಮಿತಿ ಅದೇ ವರ್ಷದ ಕೊನೆಗೆ ಸಂಸ್ಥಾನವನ್ನು ಸುತ್ತಿ, ಕಡಿಮೆ ಎಂದರೂ 27,000ದಿಂದ 40,000 ಜನ ಸತ್ತಿದ್ದಾರೆ ಎಂದು ಬರೆಯಿತು. ಎಲ್ಲಕ್ಕಿಂತ ಜಾಸ್ತಿ ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು: ಗುಲ್ಬರ್ಗ, ಬೀದರ್. ಯಾದಗಿರಿಯೂ ಆಗ ಗುಲ್ಬರ್ಗದಲ್ಲೇ ಇತ್ತು. ಸಮಿತಿ ಇಲ್ಲಿ ಓಡಾಡುತ್ತಿದ್ದಾಗಲೇ, ಡಿಸೆಂಬರ್ 9ಕ್ಕೆ, ವಿಶ್ವಸಂಸ್ಥೆ ನರಮೇಧ ತಡೆಯುವ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ವರದಿ ಮಾತ್ರ ದಶಕಗಟ್ಟಲೆ ಹೊರಗೆ ಬರಲಿಲ್ಲ. ನೆರೆಮನೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ವಿಷಯವೂ ಅದರಲ್ಲಿದೆ. ಯಾವ ವೇದಿಕೆಯಲ್ಲಾದರೂ ಕೇಳಿದ್ದೀರಾ?

ಯಹೂದಿಗಳ ನರಮೇಧದಲ್ಲಿ ಬದುಕುಳಿದವರ ಮಾತು ದಾಖಲಿಸಲು ಹಾಲಿವುಡ್ ನಿರ್ದೇಶಕ ಸ್ಪಿಲ್‌ಬರ್ಗ್ 1994ರಲ್ಲಿ ಒಂದು ಸಂಸ್ಥೆಯನ್ನೇ ಕಟ್ಟಿದರು. ಅಲ್ಲಿ 50,000ಕ್ಕೂ ಜಾಸ್ತಿ ಸಂದರ್ಶನಗಳಿವೆ. ನಮ್ಮಲ್ಲಿ ಆಗ 10 ವರ್ಷದವಳಾಗಿದ್ದ ಹುಡುಗಿಗೆ ಈಗ ತೊಂಬತ್ತರ ಹತ್ತಿರ. ಯಾರು ಕೇಳಿದ್ದಾರೆ ಅವಳನ್ನು?

ಕೇಳುವುದಕ್ಕೂ ಒಂದು ರೀತಿ ಇದೆ. ಶಾಲು ಹೊದಿಸಿ ಕೈಗೆ ಮೈಕ್ ಕೊಟ್ಟರೆ ಅವರೂ ಭಾಷಣವನ್ನೇ ಮಾಡುತ್ತಾರೆ. ನಾವು ಒಬ್ಬ ಮುಸ್ಲಿಂ ಅಜ್ಜಿಯ, ಮಕ್ಕಳು ಕರೆಯುವಂತೆ ದಾದಿಯ, ಮನೆಗೇ ಹೋದೆವು, ಒಂದಿಷ್ಟು ಮಕ್ಕಳ ಜೊತೆ. ಎಷ್ಟು ಜನ ಸತ್ತರು ಅಂತ ಮಾತ್ರ ಕೇಳಬೇಡಿ ಎಂದು ಮೊದಲೇ ಹೇಳಿದ್ದೆ. ಒಬ್ಬ ಹುಡುಗಿ, "ದಾದಿ, ಅವಾಗ ಏನ್ ಉಣ್ತಿದ್ರಿ?" ಅಂದಳು.

"ಖಾಲಿ ಹಗೇವಿನ್ಯಾಗ (ಕಾಳು ತುಂಬಿಡುವ ನೆಲದ ಗುಂಡಿ) ಕುಂತಿದ್ವಿ ಬೇಟಾ. ರಾತ್ರಿ ರೊಟ್ಟಿ ತಂದು ಕೊಡ್ತಿದ್ರು. ಕೊಟ್ಟವ್ರ ಹೆಸ್ರು ಗೊತ್ತದ. ನಮ್ಮಪ್ಪಗ ಹೊಡದವ್ರ ಹೆಸ್ರೂ ಗೊತ್ತದ. ಅದನ್ನ ಕೇಳಬ್ಯಾಡ್ರಿ. ಅವ್ರ ಮರಿಮೊಮ್ಮಕ್ಳು ನಿಮ್ ಸಾಲಿಗೇ ಬರ್ತಾವ."

ಇದನ್ನು ನಾನು ವರ್ಷವಿಡೀ ಬೋರ್ಡ್ ಮೇಲೆ ಬರೆದರೂ ಕಲಿಸಲು ಆಗುತ್ತಿರಲಿಲ್ಲ.

"ಹಳೇ ಗಾಯ ಯಾಕ್ ಕೆದಕ್ತೀರಿ ಸರ್?" ಎಂದ ಪೋಷಕರೂ ಇದ್ದಾರೆ. ಅವರ ಭಯ ಸುಳ್ಳಲ್ಲ. ಆದರೆ ಚುನಾವಣೆ ಬಂದಾಗಲೆಲ್ಲ ಅದನ್ನು ಕೆದಕುವವರು ಯಾರನ್ನೂ ಕೇಳುವುದಿಲ್ಲ, ಅಲ್ವಾ? ನೋವು ಉಂಡವರ ಬಾಯಿಂದಲೇ ಮಕ್ಕಳು ಕೇಳಲಿ.

ನೆನಪು ತಪ್ಪುತ್ತದೆ, ಅದೂ ನಿಜ. ಆರು ವರ್ಷದ ಮಗು ಕಂಡದ್ದರ ಜೊತೆ ಆಮೇಲೆ ಮನೆಯಲ್ಲಿ ಕೇಳಿದ್ದೂ ಬೆರೆತಿರುತ್ತದೆ. ವರದಿಯ ಜೊತೆ, ಇನ್ನೊಬ್ಬರ ಮಾತಿನ ಜೊತೆ ಇಟ್ಟು ನೋಡುವುದು ತರಗತಿಯ ಕೆಲಸ. ಅವರ ಮುಂದೆ ಕೂತು ತಿದ್ದಲು ಹೋಗಬಾರದು. ಹೆಂಗಸರು ಮಾತು ನಿಲ್ಲಿಸಿದ ಕಡೆ ನಾವೂ ನಿಲ್ಲಬೇಕು.

ಮೊಬೈಲ್ ಒಳಗೆ ಬಿಡಲಿಲ್ಲ. ಅರ್ಧ ನಿಮಿಷದ ರೀಲ್ಸ್ ಹೊರಟರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಮಕ್ಕಳು ಬರೆದುಕೊಂಡದ್ದನ್ನು ದಾದಿಗೇ ಓದಿ ಹೇಳಿ, ಬೇಡ ಎಂದ ಸಾಲುಗಳನ್ನು ಹೊಡೆದು ಹಾಕಿದೆವು. ಇನ್ನು ಗೋರಟಾ ಕಡೆಯ ಒಬ್ಬ ಮುತ್ಯಾನ ಮನೆಗೆ ಇದೇ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಆಳಂದ, ಹುಮನಾಬಾದ್, ಸುರಪುರ ಕಡೆಯ ಮೇಷ್ಟ್ರುಗಳೇ, ನೀವೂ ಮುಂದಿನ ಸೆಪ್ಟೆಂಬರ್ ತನಕ ಕಾಯಬೇಡಿ.