ಕುರ್ಚಿ ಎರಡು ವರ್ಷಕ್ಕೆ, ತಳಿ ಹತ್ತು ವರ್ಷಕ್ಕೆ

ಒಂದು ಭತ್ತದ ತಳಿ ಹೊರಬರಲು ಎಷ್ಟು ವರ್ಷ ಬೇಕು? ಮೊದಲು ಎರಡು ತಳಿ ಕೂಡಿಸಬೇಕು. ಆಮೇಲೆ ಆರೇಳು ಪೀಳಿಗೆ ಬೆಳೆದು, ಆರಿಸಿ, ಬೇಡದ್ದನ್ನು ಕಿತ್ತು ಹಾಕಬೇಕು. ಗುಣ ನಿಂತಿದೆ ಅನ್ನಿಸಿದ ಮೇಲೆ ಕೇಂದ್ರದಲ್ಲೇ ಇಳುವರಿ ಪರೀಕ್ಷೆ. ಅಲ್ಲಿ ಗೆದ್ದರೆ ಬೇರೆ ಬೇರೆ ಕೇಂದ್ರಗಳಲ್ಲಿ ಬಹುಸ್ಥಳ ಪ್ರಯೋಗ. ಕೊನೆಗೆ ರೈತರ ಹೊಲದಲ್ಲಿ. ಎಲ್ಲ ಸರಿಯಾಗಿ ನಡೆದರೂ ಎಂಟು ಹತ್ತು ವರ್ಷ ಹಿಡಿಯುತ್ತದೆ. ಈಗ ಇನ್ನೊಂದು ಲೆಕ್ಕ. ಆ ಕೇಂದ್ರದ ಮುಖ್ಯಸ್ಥರು ಅಲ್ಲಿ ಎಷ್ಟು ವರ್ಷ ಇರುತ್ತಾರೆ?

ನಾನು ಕರ್ನಾಟಕದ ಒಂದು ವಲಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಾಲ್ಕು ವರ್ಷ ಸಂಶೋಧನಾ ಸಹಾಯಕನಾಗಿದ್ದೆ. ಹೆಸರು ಬೇಡ. ಆ ನಾಲ್ಕು ವರ್ಷದಲ್ಲಿ ಮೂವರು ಮುಖ್ಯಸ್ಥರನ್ನು ಕಂಡೆ. ಒಬ್ಬರು ಬಂದಾಗಲೇ ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇತ್ತು. ಇನ್ನೊಬ್ಬರಿಗೆ ಬೇರೆ ಊರಲ್ಲಿ ಖಾಯಂ ಕೆಲಸ, ಇಲ್ಲಿ ಹೆಚ್ಚುವರಿ ಪ್ರಭಾರ. ವಾರಕ್ಕೆ ಎರಡು ದಿನ ಬರುತ್ತಿದ್ದರು, ಸಹಿ ಮಾಡಿ ಹೋಗುತ್ತಿದ್ದರು. ಯಾರೂ ಕೆಟ್ಟವರಲ್ಲ, ಓದಿಕೊಂಡವರು. ಆದರೆ ತಾವು ಬಿತ್ತಿದ್ದನ್ನು ತಾವೇ ಕೊಯ್ಯುವಷ್ಟು ಕಾಲ ಅವರಲ್ಲಿ ಒಬ್ಬರಿಗೂ ಸಿಗಲಿಲ್ಲ.

ಒಂದು ಘಟನೆ ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ. ಬೆಳೆಯ ಕೂಳೆಯನ್ನು ಸುಡದೆ ಮಣ್ಣಿಗೆ ಸೇರಿಸಿದರೆ ವರ್ಷದಿಂದ ವರ್ಷಕ್ಕೆ ಮಣ್ಣು ಹೇಗೆ ಬದಲಾಗುತ್ತದೆ ಅಂತ ನೋಡುವ ಪ್ರಯೋಗ ನಡೆಯುತ್ತಿತ್ತು. ಐದು ವರ್ಷದ್ದು. ಮೂರನೇ ವರ್ಷ ಹೊಸ ಮುಖ್ಯಸ್ಥರು ಬಂದರು. ಕ್ಷೇತ್ರೋತ್ಸವ ಹತ್ತಿರ ಬಂದಿತ್ತು, ರೈತರ ಬಸ್ಸು ನಿಲ್ಲಿಸಲು ಜಾಗ ಬೇಕಿತ್ತು. ರಸ್ತೆ ಪಕ್ಕದ ಖಾಲಿ ತಾಕು ಕಣ್ಣಿಗೆ ಬಿತ್ತು. ನಾನು ರಜೆ ಮುಗಿಸಿ ಬರುವಷ್ಟರಲ್ಲಿ ಟ್ರ್ಯಾಕ್ಟರ್ ಬಿಟ್ಟು ಮಟ್ಟ ಮಾಡಿದ್ದರು. ಅದು ಖಾಲಿ ತಾಕಲ್ಲ, ಕೊಯ್ಲಾದ ಪ್ರಯೋಗದ ತಾಕು. ಅವರಿಗೆ ಯಾರೂ ಹೇಳಿರಲಿಲ್ಲ. ಅಧಿಕಾರ ಹಸ್ತಾಂತರದ ಕಡತದಲ್ಲಿ ಕುರ್ಚಿ ಮೇಜಿನ ಪಟ್ಟಿ ಇತ್ತು, ಜೀಪಿನ ಲಾಗ್ ಪುಸ್ತಕ ಇತ್ತು. ಯಾವ ತಾಕಿನಲ್ಲಿ ಯಾವ ಪ್ರಶ್ನೆ ಎಷ್ಟನೇ ವರ್ಷದಲ್ಲಿದೆ ಅಂತ ಒಂದು ಸಾಲೂ ಇರಲಿಲ್ಲ. ಮೂರು ವರ್ಷದ ಕೆಲಸ ಒಂದು ಬೆಳಿಗ್ಗೆಯಲ್ಲಿ ಹೋಯಿತು.

ಈಗ ನಾನು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯಲ್ಲಿ ಮಣ್ಣು, ನೀರಿನ ಪರೀಕ್ಷೆಯ ಕೆಲಸ ಮಾಡುತ್ತೇನೆ. ಇಲ್ಲಿ ಸಾಧಾರಣ ವರ್ಷದಲ್ಲಿ ಸುಮಾರು 5 ಲಕ್ಷ ಎಕರೆಯಲ್ಲಿ ಭತ್ತ ಬೆಳೆಯುತ್ತಾರೆ. ಮೊಳಕೆ ಬರಿಸಿದ ಬೀಜವನ್ನು ನೀರು ನಿಲ್ಲಿಸಿದ ಗದ್ದೆಗೆ ವಿಮಾನದಿಂದ ಎರಚುತ್ತಾರೆ. ಈ ಭತ್ತದ ಬಹುಪಾಲಿಗೆ ತಾಯಿಬೇರು ಬಿಗ್ಸ್ ಎಂಬ ಸಣ್ಣ ಊರಿನ ಪಕ್ಕದಲ್ಲಿರುವ ಭತ್ತದ ಸಂಶೋಧನಾ ಕೇಂದ್ರ. 1912ರಲ್ಲಿ ಶುರುವಾದದ್ದು. ಕ್ಯಾಲ್‌ರೋಸ್ ಎಂಬ ಪ್ರಸಿದ್ಧ ತಳಿ 1948ರಲ್ಲಿ ಹೊರಬಂದದ್ದು ಇಲ್ಲಿಂದಲೇ.

ಬಿಗ್ಸ್ ಕೇಂದ್ರ ಸರ್ಕಾರದ್ದಲ್ಲ, ವಿಶ್ವವಿದ್ಯಾಲಯದ್ದೂ ಅಲ್ಲ. ಭತ್ತದ ರೈತರದ್ದು. ರೈತರೇ ಕಟ್ಟಿಕೊಂಡ ಸಂಸ್ಥೆ ಅದನ್ನು ನಡೆಸುತ್ತದೆ, ಆಡಳಿತ ಮಂಡಳಿಯಲ್ಲಿ ಕೂರುವವರು ರೈತರು. ಮಾರಿದ ಭತ್ತಕ್ಕೆ ಇಷ್ಟು ಅಂತ ತೂಕದ ಮೇಲೆ ವಂತಿಗೆ ಕೊಡುತ್ತಾರೆ. 1969ರಿಂದ ಆ ವಂತಿಗೆ ಒಟ್ಟು ಮಾಡಿ ಸಂಶೋಧನೆಗೆ ಹಂಚಲು ಒಂದು ಮಂಡಳಿಯೇ ಇದೆ. ತಳಿ ವಿಜ್ಞಾನಿಗಳು ಅವರ ಸಂಬಳದವರು. ಕೇಂದ್ರದ ನಿರ್ದೇಶಕರು ಉತ್ತರ ಹೇಳಬೇಕಾದ್ದು ಆ ರೈತರಿಗೆ.

ಪ್ರತಿ ವರ್ಷ ಆಗಸ್ಟ್ ಕೊನೆಯಲ್ಲಿ ಅಲ್ಲಿ ಕ್ಷೇತ್ರೋತ್ಸವ. ಮೊದಲ ಸಲ ಹೋದಾಗ ನನಗೆ ಆಶ್ಚರ್ಯ ಆದದ್ದು ಬೆಳೆ ನೋಡಿ ಅಲ್ಲ. ಬೆಳಿಗ್ಗೆ ಮೊದಲು ನಡೆದದ್ದು ಸದಸ್ಯರ ವಾರ್ಷಿಕ ಸಭೆ, ಹೊಲ ನೋಡುವುದು ಆಮೇಲೆ. ಹೊಲದ ಬದಿಯಲ್ಲಿ ನಿಂತು ರೈತರು ತಳಿ ವಿಜ್ಞಾನಿಯನ್ನು ಕೇಳಿದ ಪ್ರಶ್ನೆಗಳು ನೇರವಾಗಿದ್ದವು. ರಾತ್ರಿ ಚಳಿಗೆ ಈ ಸಾಲು ಎಷ್ಟು ಜೊಳ್ಳಾಯಿತು? ಹೋದ ವರ್ಷ ತೋರಿಸಿದ ಆ ಸಾಲು ಈ ವರ್ಷ ಯಾಕೆ ಕಾಣುತ್ತಿಲ್ಲ? ಕೊನೆಯ ಪ್ರಶ್ನೆ ಗಮನಿಸಿ. ಹೋದ ವರ್ಷದ್ದು ನೆನಪಿಟ್ಟುಕೊಂಡು ಕೇಳುವ ರೈತ ಇದ್ದಾಗ ಕೇಂದ್ರಕ್ಕೂ ನೆನಪು ಇರಲೇಬೇಕು. ನಮ್ಮಲ್ಲಿ ಕ್ಷೇತ್ರೋತ್ಸವ ಅಂದರೆ ಶಾಮಿಯಾನ, ವೇದಿಕೆ, ಹಾರ, ಭಾಷಣ. ಹೊಲ ನೋಡುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ಅರ್ಧ ಜನ ಬಸ್ಸು ಹತ್ತಿರುತ್ತಾರೆ. ಬರುವ ರೈತರ ಆಸಕ್ತಿ ಏನೂ ಕಡಿಮೆ ಇಲ್ಲ. ಅವರನ್ನು ಅತಿಥಿಗಳ ಹಾಗೆ ಕರೆಯುತ್ತೇವೆ, ಯಜಮಾನರ ಹಾಗೆ ಅಲ್ಲ. ನನ್ನ ಬೇಸರ ಅದು.

ಹಾಗಂತ ಬಿಗ್ಸ್ ದಾರಿಯನ್ನು ಹಾಗೇ ತಂದು ನೆಡಿ ಅಂತ ನಾನು ಹೇಳುವುದಿಲ್ಲ. ವಂತಿಗೆ ಬರುವುದು ಭತ್ತ ಮಾರಿದರೆ. 2022ರ ಬರದಲ್ಲಿ ಇಲ್ಲಿ ಭತ್ತ ಬಿತ್ತಿದ್ದು ಎಂದಿನ ಅರ್ಧದಷ್ಟು ನೆಲದಲ್ಲಿ ಮಾತ್ರ. ಬೆಳೆ ಇಲ್ಲದಿದ್ದರೆ ವಂತಿಗೆಯೂ ಇಲ್ಲ. ಬರಕ್ಕೆ ಉತ್ತರ ಹುಡುಕಬೇಕಾದ ಹೊತ್ತಿನಲ್ಲೇ ಕೈ ಬರಿದಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮಾರುಕಟ್ಟೆಗೆ ಹೋಗದ, ಮನೆಯಲ್ಲೇ ಉಣ್ಣುವ ಬೆಳೆಗೆ ವಂತಿಗೆ ಕೊಡುವವರು ಯಾರು?

ರಾಗಿಯನ್ನೇ ನೋಡಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ದಶಕಗಳ ಕಾಲ ರಾಗಿಗೆ ಅಂಟಿಕೊಂಡು ಕೂತರು. ರಾಗಿಯ ಹೂವು ತೀರಾ ಸಣ್ಣದು. ತನ್ನಷ್ಟಕ್ಕೆ ತಾನೇ ಪರಾಗ ಕೂಡಿಸಿಕೊಳ್ಳುವ ಬೆಳೆ ಅದು, ಎರಡು ತಳಿ ಕೂಡಿಸುವುದು ಕಣ್ಣಿಗೂ ಕೈಗೂ ತಾಳ್ಮೆಗೂ ಪರೀಕ್ಷೆ. ಅವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿದರು. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಸೇರಿ ಇಂಡಾಫ್ ಆಯಿತು. ಒಣ ಹೊಲದ ಬಡ ರೈತನ ಬೆಳೆಗೆ ಸರ್ಕಾರದ ದುಡ್ಡಿನಲ್ಲಿ ಇಷ್ಟು ವರ್ಷ ಕೆಲಸ ನಡೆಯಿತು. ರೈತರ ವಂತಿಗೆಯನ್ನೇ ನಂಬಿದ್ದರೆ ಇಂಡಾಫ್ ಹುಟ್ಟುತ್ತಿರಲಿಲ್ಲ ಅಂತ ನನಗೆ ಖಾತ್ರಿ ಇದೆ. ಹಾಗಾಗಿ ದುಡ್ಡು ಸರ್ಕಾರದ್ದೇ ಇರಲಿ. ಮಾತು ಮಾತ್ರ ರೈತರದ್ದೂ ನಡೆಯಲಿ.

ಲಕ್ಷ್ಮಣಯ್ಯನವರ ಕಥೆಯನ್ನು ನಮ್ಮಲ್ಲಿ ಅವರ ತ್ಯಾಗದ ಕಥೆಯಾಗಿ ಹೇಳುತ್ತಾರೆ. ನಿಜವೇ. ಆದರೆ ಅವರನ್ನು ಅದೇ ಜಾಗದಲ್ಲಿ, ಅದೇ ಬೆಳೆಯ ಮೇಲೆ ಬಿಟ್ಟಿದ್ದರು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಹಳೆಯ ಮೈಸೂರಿನಲ್ಲಿ ಈ ಪದ್ಧತಿ ಇತ್ತು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಕೀಟ ಮತ್ತು ರೋಗದ ತಜ್ಞರಾಗಿ ಮೈಸೂರು ಸಂಸ್ಥಾನಕ್ಕೆ ಬಂದರು, ಆಮೇಲೆ ಕೃಷಿ ಇಲಾಖೆಯ ನಿರ್ದೇಶಕರಾದರು. ನಡುವೆ ಕೆಲವು ವರ್ಷ ಬಿಟ್ಟರೆ ಎರಡು ದಶಕಕ್ಕೂ ಜಾಸ್ತಿ ಇಲ್ಲೇ ಇದ್ದರು. ಮಲೆನಾಡಿನ ಅಡಿಕೆ ತೋಟದ ಕೊಳೆ ರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವ ಕ್ರಮವನ್ನು ನೆಲೆ ನಿಲ್ಲಿಸಿದವರು ಅವರು. ಇವತ್ತಿಗೂ ಮಳೆಗಾಲಕ್ಕೆ ಮುಂಚೆ ಕೊನೆಗಾರರು ಮರ ಹತ್ತಿ ಹೊಡೆಯುವುದು ಅದನ್ನೇ. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅವರ ಕಾಲದಲ್ಲೇ. ಕೊಳೆ ರೋಗ ಬರುವುದು ವರ್ಷಕ್ಕೊಂದು ಮಳೆಗಾಲದಲ್ಲಿ. ಎರಡೇ ವರ್ಷಕ್ಕೆ ಹೋಗುವವರಿಗೆ ಅದು ಎರಡೇ ಸಲ ಕಾಣಿಸುತ್ತದೆ ಅಲ್ವಾ?

ಕರ್ನಾಟಕದ ಪ್ರಾದೇಶಿಕ ಕೇಂದ್ರಗಳ ಹಿಂದಿನ ಯೋಚನೆ ಬಹಳ ಒಳ್ಳೆಯದು. ನಮ್ಮ ರಾಜ್ಯವನ್ನು ಮಳೆ, ಮಣ್ಣು ನೋಡಿ 10 ಕೃಷಿ ಹವಾಮಾನ ವಲಯ ಮಾಡಿದ್ದಾರೆ. 1979ರಲ್ಲಿ ವಿಶ್ವಬ್ಯಾಂಕ್ ನೆರವಿನ ರಾಷ್ಟ್ರೀಯ ಕೃಷಿ ಸಂಶೋಧನಾ ಯೋಜನೆ ಬಂದ ಮೇಲೆ ವಲಯಕ್ಕೊಂದು ಕೇಂದ್ರ ಅನ್ನುವುದು ಗಟ್ಟಿಯಾಯಿತು. ಅದಕ್ಕೂ ಮುಂಚೆ, 1930ರ ದಶಕದಲ್ಲೇ ದೇಶದಲ್ಲಿ ಒಣ ಬೇಸಾಯಕ್ಕೆ ಅಂತ ಐದು ಕೇಂದ್ರ ತೆರೆದಾಗ ಅದರಲ್ಲಿ ಮೂರು ಇವತ್ತಿನ ಕರ್ನಾಟಕದ ನೆಲದಲ್ಲಿದ್ದವು: ವಿಜಯಪುರ, ಹಗರಿ, ರಾಯಚೂರು. ಕಪ್ಪು ಮಣ್ಣಿನಲ್ಲಿ ಬಿದ್ದ ಮಳೆಯನ್ನು ಚೌಕು ಮಡಿ ಮಾಡಿ ಅಲ್ಲೇ ಇಂಗಿಸಿ ಹಿಂಗಾರಿ ಜೋಳ ಬಿತ್ತುವ ಲೆಕ್ಕ ವಿಜಯಪುರದಂಥ ಊರಿನ ಪ್ರಶ್ನೆ. ಕರಾವಳಿಯ ಬ್ರಹ್ಮಾವರದಲ್ಲಿ ನೀರು ಹೇಗೆ ಹೊರಗೆ ಹಾಕುವುದು ಅನ್ನುವುದೇ ಚಿಂತೆ. ಒಂದೇ ರಾಜ್ಯ, ತಲೆನೋವು ಮಾತ್ರ ಪೂರ್ತಿ ಬೇರೆ. ಹೀಗಿರುವಾಗ ವಿಜಯಪುರದ ಮಣ್ಣು ಅರ್ಥ ಮಾಡಿಕೊಳ್ಳಲು ಶುರು ಮಾಡಿದವರನ್ನು ಕರಾವಳಿಗೆ ಕಳಿಸಿದರೆ ಎರಡೂ ಕಡೆ ನಷ್ಟ.

ಇನ್ನೊಂದು ವ್ಯತ್ಯಾಸ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಶುರುವಾದಾಗ ಅದಕ್ಕೆ ಮಾದರಿ ಅಮೆರಿಕದ ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯಗಳು, ಅಂದರೆ ಸರ್ಕಾರ ಕೊಟ್ಟ ಜಮೀನಿನ ನೆರವಿನಿಂದ ಕಟ್ಟಿದವು. ಟೆನೆಸ್ಸೀ ವಿಶ್ವವಿದ್ಯಾಲಯದವರು ಬಂದು ನೆರವಾದರು. ಅಮೆರಿಕದಲ್ಲಿ ಪಾಠ, ಸಂಶೋಧನೆ, ವಿಸ್ತರಣೆ (ಕಂಡದ್ದನ್ನು ರೈತರಿಗೆ ಮುಟ್ಟಿಸುವ ಕೆಲಸ) ಮೂರಕ್ಕೂ 1862, 1887, 1914ರಲ್ಲಿ ಮೂರು ಕಾಯ್ದೆ ಬಂದವು, ಮೂರೂ ಒಂದೇ ವಿಶ್ವವಿದ್ಯಾಲಯದ ಕೆಳಗೆ ಸೇರಿದವು. ನಾವು ಮೊದಲ ಎರಡನ್ನು ಪೂರ್ತಿ ತೆಗೆದುಕೊಂಡೆವು. ಮೂರನೆಯದರ ಬಹುಪಾಲು ಕೃಷಿ ಇಲಾಖೆಯಲ್ಲೇ ಉಳಿಯಿತು. ಹೋಬಳಿಯ ರೈತ ಸಂಪರ್ಕ ಕೇಂದ್ರ ಇಲಾಖೆಯದು, ಸಂಶೋಧನಾ ಕೇಂದ್ರ ವಿಶ್ವವಿದ್ಯಾಲಯದ್ದು. ನಡುವೆ ಸೇತುವೆಯಾಗಿ ಕಾರ್ಯಾಗಾರಗಳಿವೆ. ನಾನು ಕೂತ ಕಾರ್ಯಾಗಾರಗಳಲ್ಲಿ ಇಲಾಖೆಯವರು ತಂದ ಸಮಸ್ಯೆಗಳಲ್ಲಿ ಒಳ್ಳೆಯವು ಬೇಕಾದಷ್ಟಿದ್ದವು. ಅವುಗಳಲ್ಲಿ ಯಾವುದು ಮುಂದಿನ ಹಂಗಾಮಿನ ಪ್ರಯೋಗವಾಯಿತು ಅಂತ ಹಿಂದೆ ಬಿದ್ದು ನೋಡುವವರು ಇರಲಿಲ್ಲ. ಮುಖ್ಯಸ್ಥರೇ ಮಾಡಬೇಕಾದ ಕೆಲಸ ಅದು. ಬೇರೆ ಯಾರಿಗೂ ಆ ಎರಡೂ ಕಡೆ ಮಾತನಾಡುವ ಹಕ್ಕಿಲ್ಲ.

ತಾಕಿನ ಬಗ್ಗೆ ಹೇಳುವಾಗ ಇನ್ನೊಬ್ಬರನ್ನು ಬಿಡಲಾರೆ. ನಮ್ಮ ಕೇಂದ್ರದಲ್ಲಿ ಕಳೆ ಕೀಳಲು, ಬೆರಕೆ ಗಿಡ ತೆಗೆಯಲು ದಿನಗೂಲಿಗೆ ಬರುತ್ತಿದ್ದ ಹೆಂಗಸೊಬ್ಬರಿದ್ದರು. ನಾವು ಪುಸ್ತಕ ಹಿಡಿದು ಗುರುತು ಹುಡುಕುವ ಮೊದಲೇ ಅವರು ಒಂದು ತೆನೆ ಹಿಡಿದು "ಇದು ಈ ಸಾಲಿಂದಲ್ಲ ಸಾರ್" ಅನ್ನುತ್ತಿದ್ದರು. ಒಂದು ಸಲವೂ ತಪ್ಪಿದ್ದು ನಾನು ಕಾಣೆ. ಹದಿನೈದು ವರ್ಷದಿಂದ ಅದೇ ಹೊಲ ತುಳಿದವರು. ತಾಕು ಮಟ್ಟ ಮಾಡುವ ದಿನ ಅವರೂ ಅಲ್ಲೇ ಇದ್ದರಂತೆ. ಅದು ಪ್ರಯೋಗದ ಜಾಗ ಅಂತ ಅವರಿಗೆ ಗೊತ್ತಿತ್ತು. ಯಾರೂ ಅವರನ್ನು ಕೇಳಲಿಲ್ಲ, ಅವರಾಗಿ ಸಾಹೇಬರ ಹತ್ತಿರ ಹೋಗಿ ಹೇಳುವ ವಾತಾವರಣ ಇರಲಿಲ್ಲ. ಇದನ್ನು ಆಮೇಲೆ ಅವರೇ ನನಗೆ ಹೇಳಿದರು, ತಪ್ಪು ತಮ್ಮದೇ ಅನ್ನುವ ಹಾಗೆ. ಒಬ್ಬ ಮುಖ್ಯಸ್ಥರು ಹೇಗಿದ್ದಾರೆ ಅಂತ ತಿಳಿಯಲು ನಾನು ಈಗ ನೋಡುವುದು ಇದನ್ನೇ: ಕೂಲಿಯವರು ಅವರನ್ನು ತಡೆದು ನಿಲ್ಲಿಸಿ ಮಾತಾಡುತ್ತಾರಾ?

ಇಲ್ಲಿ ಡೇವಿಸ್ ವಿಶ್ವವಿದ್ಯಾಲಯದ ರಸೆಲ್ ರಾಂಚ್‌ನಲ್ಲಿ ನೂರು ವರ್ಷ ನಡೆಸಬೇಕು ಅಂತಲೇ 1990ರ ದಶಕದಲ್ಲಿ ಒಂದು ಪ್ರಯೋಗ ಶುರು ಮಾಡಿದ್ದಾರೆ. ಶುರು ಮಾಡಿದವರು ಯಾರೂ ಅದರ ಕೊನೆ ನೋಡುವುದಿಲ್ಲ. ಅದಕ್ಕೇ ಎಲ್ಲವನ್ನೂ ಬರೆದಿಡುತ್ತಾರೆ, ಮಣ್ಣಿನ ಮಾದರಿ ಕೂಡಿಡುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲೂ ದೀರ್ಘಕಾಲದ ಗೊಬ್ಬರದ ಪ್ರಯೋಗ ದಶಕಗಳಿಂದ ನಡೆದಿದೆ. ನಮಗೆ ಬರುವುದಿಲ್ಲ ಅಂತಲ್ಲ. ಅಲ್ಲಿ ಸಾಧ್ಯವಾದದ್ದು ಜಿಲ್ಲೆಯ ಕೇಂದ್ರದಲ್ಲೂ ಸಾಧ್ಯ.

ನಾನು ಕೇಳುವುದು ಜಾಸ್ತಿ ಏನಲ್ಲ. ಪ್ರಾದೇಶಿಕ ಕೇಂದ್ರದ ಮುಖ್ಯಸ್ಥರಿಗೆ ಕನಿಷ್ಠ ಐದು ವರ್ಷ ಕೊಡಿ. ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಇದ್ದವರಿಗೆ ಆ ಕುರ್ಚಿ ಬೇಡ, ಪ್ರಭಾರದಲ್ಲಿ ಆರು ತಿಂಗಳಿಗಿಂತ ಹೆಚ್ಚು ನಡೆಸಬೇಡಿ. ಹಸ್ತಾಂತರದ ಕಡತದಲ್ಲಿ ಮೊದಲ ಪುಟ ತಾಕುಗಳ ನಕ್ಷೆ ಇರಲಿ. ಹಳಬರು ಹೊಸಬರನ್ನು ಕರೆದುಕೊಂಡು ಹೊಲ ಸುತ್ತಿದ ಮೇಲೆಯೇ ಸಹಿ ಆಗಲಿ, ಜೊತೆಗೆ ಕೂಲಿಯವರೂ ಇರಲಿ. ವಲಯದ ರೈತರ ಒಂದು ಮಂಡಳಿ ಇರಲಿ. ವರ್ಷದ ಪ್ರಯೋಗಗಳಲ್ಲಿ ಮೂರನೇ ಒಂದು ಭಾಗವನ್ನಾದರೂ ಅವರು ಆರಿಸಲಿ, ಮಂಡಳಿಯಲ್ಲಿ ಅರ್ಧ ಜನ ಮಳೆ ನಂಬಿದ ರೈತರಾಗಿರಲಿ.

ಕೈಲಾಗದವರು ಬಂದು ಐದು ವರ್ಷ ಕೂತುಬಿಟ್ಟರೆ ಏನು ಮಾಡುವುದು ಅಂತ ಹಳೆಯ ಸಹೋದ್ಯೋಗಿಯೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಎರಡನೇ ವರ್ಷದ ಕೊನೆಗೆ ಒಂದು ಪರಿಶೀಲನೆ ಇಡಬಹುದು. ಅದನ್ನು ಕೇಂದ್ರ ಕಚೇರಿಯಲ್ಲಿ ಮಾಡಬಾರದು, ಆ ಕೇಂದ್ರದ ಹೊಲದ ಬದುವಿನ ಮೇಲೆ ಮಾಡಬೇಕು. ರೈತ ಮಂಡಳಿಯವರು ಹೋದ ವರ್ಷದ ಪಟ್ಟಿ ಕೈಯಲ್ಲಿ ಹಿಡಿದು ಒಂದೊಂದೇ ತಾಕು ನೋಡುತ್ತಾ ಬರಲಿ. ಕಾಣದ ತಾಕಿಗೆ ಮುಖ್ಯಸ್ಥರು ಅಲ್ಲೇ ನಿಂತು ಉತ್ತರ ಕೊಡಲಿ.