ಸ್ಪಷ್ಟನೆ: ಬೆಳಗಿನ 3 ಗಂಟೆಯ ಪ್ರಾರ್ಥನೆ ತಪ್ಪಿದರೆ ಯೇಸು ದೂರವಾಗುತ್ತಾರೆಯೇ?

ಬೆಳಗಿನ ಜಾವ 3 ಗಂಟೆಗೆದ್ದು ಒಂದು ತಾಸು ಪ್ರಾರ್ಥಿಸದವರಿಂದ ಯೇಸು ದೂರ ಸರಿಯುತ್ತಾರೆ ಎಂಬ ಸಂದೇಶ ಹರಿದಾಡುತ್ತಿದೆ. ಆಧಾರವಾಗಿ ಬೈಬಲಿನ ಮಾರ್ಕ 1:35 (ಮಾರ್ಕನ ಸುವಾರ್ತೆ, ಅಂದರೆ ಯೇಸುವಿನ ಜೀವನ ಹೇಳುವ ಪುಸ್ತಕದ 1ನೇ ಅಧ್ಯಾಯ, 35ನೇ ವಚನ) ಕೊಟ್ಟಿದ್ದಾರೆ. ಇದು ಸರಿಯಲ್ಲ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು ಎಂದಷ್ಟೇ ಆ ವಚನದಲ್ಲಿದೆ. ಗಂಟೆಯ ಲೆಕ್ಕವೂ ಇಲ್ಲ, ಆಜ್ಞೆಯೂ ಇಲ್ಲ. ಲೂಕ 6:12ರಲ್ಲಿ ಅವರು ರಾತ್ರಿಯಿಡೀ ಪ್ರಾರ್ಥಿಸಿದರು. ಮಾರ್ಕ 6:46ರಲ್ಲಿ ಜನರನ್ನು ಕಳುಹಿಸಿಕೊಟ್ಟ ಮೇಲೆ ಪ್ರಾರ್ಥಿಸಲು ಬೆಟ್ಟ ಹತ್ತಿದರು. ಅವರ ಪ್ರಾರ್ಥನೆಗೆ ಒಂದೇ ಹೊತ್ತು ಎಂಬುದಿರಲಿಲ್ಲ.

ಹಾಗಾದರೆ ಯೇಸುವಿಗೆ ಹತ್ತಿರವಾಗಿರುವುದು ಹೇಗೆ? ಯೋಹಾನ 15ರಲ್ಲಿ, ತಾನು ದ್ರಾಕ್ಷಿಬಳ್ಳಿ, ಶಿಷ್ಯರು ಕೊಂಬೆಗಳು ಎಂದು ಯೇಸು ಹೇಳುವ ಮಾತು ನೋಡಿ. ಯೇಸುವಿನ ಪ್ರೀತಿಯಲ್ಲಿ ನೆಲೆಗೊಂಡಿರುವುದು ಹೇಗೆಂದು 10ನೇ ವಚನವೇ ಬಿಡಿಸಿ ಹೇಳುತ್ತದೆ: ಅವರ ಆಜ್ಞೆಗಳನ್ನು ಕೈಕೊಂಡು ನಡೆಯುವುದು. ಆ ಆಜ್ಞೆ 12ನೇ ವಚನದಲ್ಲಿದೆ, ಒಬ್ಬರನ್ನೊಬ್ಬರು ಪ್ರೀತಿಸಿರಿ ಎಂದು. ಹಾಗಾಗಿ ಸಹೋದರನೊಂದಿಗಿನ ಮುನಿಸನ್ನು ಹಾಗೇ ಬಿಟ್ಟು ಪ್ರಾರ್ಥನೆಯ ಹೊತ್ತು ಹೆಚ್ಚಿಸಿದರೆ ಪ್ರಯೋಜನವಿಲ್ಲ (ಮೊದಲು ಸಹೋದರನೊಂದಿಗೆ ರಾಜಿಯಾಗಿ ಆಮೇಲೆ ಕಾಣಿಕೆ ಅರ್ಪಿಸು ಎನ್ನುವ ಮತ್ತಾಯ 5:23-24 ನೋಡಿ).

ಪ್ರಾರ್ಥನೆಗೆ ಹೊಸಬರು ಹೆಚ್ಚಾಗಿ ಎಡವುವುದು ಹೊತ್ತಿನ ಅಳತೆಯಲ್ಲಿ. ಮೊದಲ ವಾರವೇ ತಾಸುಗಟ್ಟಲೆ ಕೂರುತ್ತಾರೆ; ಒಂದು ದಿನ ತಪ್ಪಿದರೆ ಅಳುಕಿನಿಂದ ಬೈಬಲನ್ನೇ ಮುಚ್ಚಿಡುತ್ತಾರೆ. ಮನಸ್ಸು ಎಚ್ಚರವಿರುವ ಯಾವುದೇ ಹೊತ್ತಿನಲ್ಲಿ 15 ನಿಮಿಷದಿಂದ ಆರಂಭಿಸಿ. ಸುವಾರ್ತೆಯ ಹತ್ತು ವಚನಗಳನ್ನು ಎರಡು ಸಲ ಓದಿ, ಮನಸ್ಸಿಗೆ ತಟ್ಟಿದ ಒಂದೇ ಮಾತನ್ನು ಪ್ರಾರ್ಥನೆಯಾಗಿಸಿ. ತಪ್ಪಿದ ದಿನದ ಬಾಕಿ ತೀರಿಸಲು ಹೋಗಬೇಡಿ. ಮಾತೇ ಹೊರಡದ ದಿನ ಬೈಬಲಿನ ಪ್ರಾರ್ಥನಾ ಗೀತೆಗಳಲ್ಲಿ ಒಂದಾದ ಕೀರ್ತನೆ 13 ಓದಿ; ಇರುವುದು ಆರೇ ವಚನ, ಎಷ್ಟರವರೆಗೆ ಎಂಬ ಮೊರೆಯಿಂದಲೇ ಶುರುವಾಗುತ್ತದೆ.